ಕನ್ನಡಿ ಮೊಳೆಯ ತೂತು

ಹೊಟ್ಟಿನಲ್ಲಿ ಇನ್ನೂ ವಾಸನೆ ಇದೆ, ಎಂಟು ವರ್ಷದ ಹಿಂದೆ ಕೊಯ್ದ ತೇಗ, ಕಂಪ್ಲಿಯ ತನ್ನ ಮನೆಯ ಅಟ್ಟದಲ್ಲಿ ಉಳಿದಿದ್ದ ತುಂಡು, ಬೆಳಿಗ್ಗೆ ಗರಗಸ ಆಡಿಸಿದ ಕೂಡಲೆ ಘಮ್ಮೆಂದಿತು, ಇದೇ ಮರದ ಹೊಟ್ಟೇ ಆಗಬೇಕು, ಬೇರೆಯದಾದರೆ ಒಣಗಿದ ಮೇಲೆ ಮಚ್ಚೆಯಂತೆ ಕಾಣುತ್ತದೆ — ಬಡಿಗ ಹಂಪಯ್ಯ ಹೆಂಚಿನ ಚೂರಿನ ಮೇಲೆ ಹೊಟ್ಟಿಗೆ ಫೆವಿಕಾಲ್ ಹಾಕಿ ಕಲೆಸುತ್ತಾನೆ, ಬಾಗಿಲಪಟ್ಟಿಯ ತೂತೊಂದನ್ನು ಊದುತ್ತಾನೆ, ಕೆಂಪು ಧೂಳು ಹಾರಿ ಮೀಸೆಗೆ ಅಂಟುತ್ತದೆ, ಸಂಡೂರಿನ ಅದಿರು ಲಾರಿಗಳ ಧೂಳು, ಗಾದಿಗನೂರಿನ ಅಳಿಯನ ಈ ಮನೆಗೆ ಬಾಗಿಲು ಹಾಕಿದರೂ ಬರುತ್ತದೆ, ಅಪ್ಪಾ ಎಷ್ಟು ಒರಸಿದ್ರೂ ಅಷ್ಟ, ನೀರೆಲ್ಲ ಕೆಂಪಾಗ್ತೈತಿ, ಅಂತಿದ್ದಳು ಮಗಳು ಗಂಗೋತ್ರಿ, ಸೆರಗಿನ ತುದಿಯಿಂದ ಇದೇ ಪಟ್ಟಿ ಒರೆಸುತ್ತ, ಅವಳ ಮದುವೆಗೆ ಅಪ್ಪ ಕೈಯಾರೆ ಕೀಸಿ ಜಡಿದ ಪಟ್ಟಿ. ಅವಳು ತೀರಿಹೋಗಿ ಹದಿನಾಲ್ಕು ತಿಂಗಳು. ಬರುವ ಸೋಮವಾರ ಅಳಿಯ ಹಾಲೇಶನ ಎರಡನೇ ಮದುವೆ. ಫೋನಿನಲ್ಲಿ ತಡವರಿಸಿದ್ದ ಪಾಪ, ಮಾವಾರ, ಹೆಂಗ ಕೇಳ್ಲಿ ಗೊತ್ತಾಗವಲ್ದು, ಹಳೇ ಮೊಳಿ ಕಿತ್ತು ತೂತು ಮುಚ್ಚಬೇಕು ಅಂತಾಳ ಅವ್ವ, ಪೇಂಟಿನವ ಪುಟ್ಟಿ ಬಡೀತೀನಿ ಅಂತಾನ. ಬ್ಯಾಡಪಾ, ಅವನ ಕೈ ಹಚ್ಚಿಸಬ್ಯಾಡ, ನಾನ ಬರ್ತೀನಿ, ಅಂದುಬಿಟ್ಟಿದ್ದ ಹಂಪಯ್ಯ, ಮಗಳ ಮೊಳೆಗಳನ್ನು ಕಂಡವರು ಕೀಳುವುದಕ್ಕಿಂತ — ಅಷ್ಟೇ ಯೋಚಿಸಿದ್ದು.

ಮೇಲಿನದು ತೋರಣದ್ದು, ತುಂಬಿತು, ಪಕ್ಕದ್ದು ಕ್ಯಾಲೆಂಡರಿನದು, ತುಂಬಿತು, ಹೆಬ್ಬೆರಳಿನಿಂದ ಒತ್ತು, ಅಡ್ಡಡ್ಡ ಎಳೆ, ಸ್ವಲ್ಪ ಉಬ್ಬು ಬಿಡು, ಒಣಗಿದರೆ ಕುಗ್ಗುತ್ತದೆ, ಆಮೇಲೆ ಪಾಲಿಶ್ ಪೇಪರ್. ಬಾಗಿಲ ಹಿಂದಿನದೊಂದನ್ನು ಮಾತ್ರ ಮುಟ್ಟುವುದಿಲ್ಲ, ಬಸ್ಸಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಾನೆ, ಬಾಗಿಲು ತೆರೆದಿದ್ದರೆ ಯಾರಿಗೆ ಕಾಣುತ್ತದೆ. ಅದು ಕನ್ನಡಿಯ ಮೊಳೆಯದು. ಈ ಮನೆಯವರೆಲ್ಲ ಉದ್ದನೆಯ ಆಳು, ಕನ್ನಡಿಯೂ ಅವರ ಮಟ್ಟಕ್ಕೇ, ಗಂಗೋತ್ರಿಗೆ ಹಣೆಯಷ್ಟೇ ಕಾಣುತ್ತಿತ್ತು. ಏನವಾ, ಹತ್ತಿ ನಿಲ್ಲಾಕ ಮಣಿ ಹಾಕ್ಲೇನು ನಿನಗ, ಅಂತ ಅತ್ತೆ ಮುದುಕಮ್ಮ ನಕ್ಕಳಂತೆ, ಇವಳು ಗುಂಡುಕಲ್ಲು ತಂದು ತಾನೇ ಮೊಳೆ ಹೊಡೆದಳು, ತನ್ನ ಮುಖದ ಮಟ್ಟಕ್ಕೆ, ಸೊಟ್ಟಗೆ. ಬಡಿಗ್ಯಾನ ಮಗಳಾಗಿ ಹಿಂಗ ಹೊಡೀತಾರೇನವ್ವಾ, ಮಾನ ಕಳದಿ ನಂದು. ಹೋಗಪಾ, ಕನ್ನಡಿ ನಿಂತೈತಲ್ಲ. ಆ ತೂತು ಅವನ ಎದೆಯ ಮಟ್ಟಕ್ಕಿದೆ, ಬೆರಳಿಟ್ಟರೆ ಅವಳ ಎತ್ತರ ಸಿಗುತ್ತದೆ, ಫೋಟೋದಲ್ಲಿ ಎತ್ತರ ಎಲ್ಲಿರುತ್ತದೆ.

ಬೀಗರ, ಎಷ್ಟ ಉಳದಾವ, ಚಾ ಇಟ್ಟೀನಿ, ಅಡಿಗೆಮನೆಯಿಂದ ಮುದುಕಮ್ಮ, ಬರಾಕಿನೂ ಯಾರದೋ ಮಗಳಲ್ರೀ, ಅಕಿ ಕಣ್ಣಿಗೆ ಇವೆಲ್ಲ ಬೀಳಬಾರದು. ಹೌದ್ರೀ ಹೌದು, ಅನ್ನುತ್ತಾನೆ, ಯಾರದೂ ತಪ್ಪಿಲ್ಲ, ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು, ಒತ್ತು, ಎಳೆ, ತಪ್ಪು ಇರುವುದು ತನ್ನದೇ, ಅವತ್ತು ಫೋನಿನಲ್ಲಿ ಅವಳ ದನಿ ಬತ್ತಿತ್ತು, ಅಪ್ಪಾ, ಮೈ ಕಾದೈತಿ, ಒಂದೀಟು ಬಂದು ಹೋಗು, ನಾನು ಕಡ್ಡಿರಾಂಪುರದ ಹೋಂಸ್ಟೇಯಲ್ಲಿ ಹೀಗೇ ಕೂತು ತೂತು ತುಂಬುತ್ತಿದ್ದೆ, ಕಲಸಿದ್ದು ಒಣಗತೈತವ್ವಾ, ನಾಳೆ ಬರ್ತೀನಿ, ಅಂದೆ, ಹಿಡಿ ಹೊಟ್ಟು ಒಣಗುತ್ತದೆ ಅಂತ, ಒತ್ತು, ಎಳೆ, ಆ ನಾಳೆ ಬಂದಾಗ ಹೊಸಪೇಟೆಯ ಆಸ್ಪತ್ರೆಯ ಮಂಚದಲ್ಲಿ ಅವಳಿಗೆ ಅಪ್ಪ ಯಾರೆಂದೇ ಗೊತ್ತಾಗಲಿಲ್ಲ, ಅಂಗೈ ಮಾತ್ರ ಸುಡುತ್ತಿತ್ತು, ಒತ್ತು, ಎಳೆ, ಒತ್ತು — ಹೆಂಚು ಖಾಲಿ.

ಬಾಗಿಲ ಹಿಂದೆ ನಿಂತಿದ್ದಾನೆ. ಎದೆಯ ಮಟ್ಟಕ್ಕೆ ಒಂದು ಸಣ್ಣ ಉಬ್ಬು. ಯಾವಾಗ ಬಂದೆ ಇಲ್ಲಿಗೆ, ಯಾರ ಕೈ ತುಂಬಿತು, ಐವತ್ತು ವರ್ಷದಿಂದ ಹೇಳದಿದ್ದರೂ ದುಡಿಯುವ ಈ ದರಿದ್ರ ಕೈ, ಉಗುರಿನಿಂದ ಕೆರೆದರೆ ಆಗಲೇ ಬಿಗಿದಿದೆ, ಏಪ್ರಿಲ್ಲಿನ ಝಳ, ಚೀಲದಿಂದ ದಬ್ಬಳ ತೆಗೆದು ಇಟ್ಟು ಸುತ್ತಿಗೆಯಿಂದ ಕುಟ್ಟುತ್ತಾನೆ, ಒಂದು, ಎರಡು, ಸೊಟ್ಟಗೆ ಹೋಗು ಸೊಟ್ಟಗೆ, ಕೈ ಕೇಳುವುದಿಲ್ಲ, ದಬ್ಬಳ ಹಳೆಯ ದಾರಿ ಬಿಟ್ಟು ಪಕ್ಕದ ಗಟ್ಟಿಮರಕ್ಕೆ ನೆಟ್ಟಗೆ ಇಳಿಯಿತು. ಕಿತ್ತ. ಊದಿದ. ಕೆಂಪು ಧೂಳಿಲ್ಲ. ದುಂಡಗೆ, ನೆಟ್ಟಗೆ, ಚೊಕ್ಕ ತೂತು.

ಬೀಗರ, ಇಲ್ಲೊಂದು ಉಳದೈತಿ ನೋಡ್ರಿ, ಚಾ ಹಿಡಿದು ಬಂದ ಮುದುಕಮ್ಮ ಬೆರಳು ತೋರಿಸುತ್ತಾಳೆ. ಹೌದ್ರೀ. ನೆಟ್ಟಗಿನ ತೂತು. ಅವಳದಲ್ಲ, ಬಡಿಗ ಹೊಡೆದದ್ದು. ನೆಟ್ಟಗೆ. ನೆಟ್ಟಗಿನ ತೂತು.