ಸಡಿಲ ಪಿನ್ನಿನ ಕೆಳಗೆ ನಿಂತವನು

ಚರಂಡಿ ತೋಡುವಲ್ಲಿ, ನೀರಿನ ಪೈಪು ಹೂಳುವಲ್ಲಿ ನೀವು ಮಣ್ಣು ಅಗೆಯುವ ಸಣ್ಣ ಎಕ್ಸ್‌ಕವೇಟರ್ ನೋಡಿಯೇ ಇರುತ್ತೀರಿ. ದೊಡ್ಡ ಯಂತ್ರ ಹೋಗಲಾಗದ ಓಣಿಗೂ ಅದು ನುಗ್ಗುತ್ತದೆ. ಅದರ ಸದ್ದನ್ನೂ ಕೇಳಿರುತ್ತೀರಿ. ಎಂಜಿನ್ನಿನ ಸದ್ದಲ್ಲ, ಬಕೆಟ್ ಮೇಲೆ ಕೆಳಗೆ ಆಡುವಾಗ ಕೀಲಿನಲ್ಲಿ ಬರುವ ಕಟಕಟ ಸದ್ದು. ಹಳೇ ಯಂತ್ರ, ಸದ್ದು ಮಾಡದೆ ಇರುತ್ತದೆಯೇ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಈ ಕಥೆಯ ಅಣ್ಣನೂ ಹಾಗೆಯೇ ಸುಮ್ಮನಾಗಿದ್ದ.

ಯಂತ್ರ ಅಣ್ಣನದು, ಓಡಿಸುವವನೂ ಅವನೇ. ಅವನ ತಂಗಿ ರಿಪೇರಿ ಶೆಡ್ಡಿನಲ್ಲಿ ಫಿಟ್ಟರ್. ತಂಗಿಯ ಗಂಡ ಗುಂಡಿಗಿಳಿದು ಪೈಪು ಜೋಡಿಸುತ್ತಿದ್ದ. ಬೀದಿಯವರೆಲ್ಲ ಅವನನ್ನು ಪೈಪು ಭಾವ ಎಂದೇ ಕರೆಯುತ್ತಿದ್ದರು. ಅಣ್ಣ ಮೇಲೆ ಕೂತು ಅಗೆದರೆ ಪೈಪು ಭಾವ ಕೆಳಗೆ ನಿಂತು ಜೋಡಿಸುತ್ತಿದ್ದ. ಅವನ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ಏನು ಭಾವ, ನಿದ್ದೆ ಬಂತಾ? ಚಮಚದಲ್ಲಿ ಸಕ್ಕರೆ ತೆಗೆದ ಹಾಗೆ ಮಣ್ಣು ತೆಗೀತಿದ್ದೀಯಲ್ಲ!" ಎಂದು ಗುಂಡಿಯೊಳಗಿಂದಲೇ ಕೂಗುತ್ತಿದ್ದ.

ಒಂದು ಸಂಜೆ ತಂಗಿ ಗಂಡನನ್ನು ಕರೆದುಕೊಂಡು ಹೋಗಲು ಕೆಲಸದ ಜಾಗಕ್ಕೆ ಬಂದಳು. ಯಂತ್ರ ನಿಂತಿತ್ತು. ಬಕೆಟ್ ಮರದ ದಿಮ್ಮಿಯ ಮೇಲೆ ಹಗುರವಾಗಿ ಕೂತಿತ್ತು. ಅವಳು ಕೀಲಿನ ಸಂದಿಗೆ ಸಲಾಕೆ ಕೊಟ್ಟು ಮೀಟಿದಳು. ಅಷ್ಟು ಭಾರದ ಬಕೆಟ್ ಅಲುಗುವ ಹಲ್ಲಿನಂತೆ ಅತ್ತಿತ್ತ ಆಡಿತು.

"ಅಣ್ಣಾ, ಎಷ್ಟು ಸಡಿಲ ಆಗಿದೆ ನೋಡು. ಪಿನ್ನು ಸವೆದಿದೆ, ಬುಶ್ಶು ಪೂರಾ ಹೋಗಿದೆ."

"ಗ್ರೀಸು ಹೊಡೆದಿದ್ದೀನಲ್ಲೇ."

"ದಿನಾ ಹೊಡೆದಿದ್ರೆ ಇಷ್ಟು ಬೇಗ ಸವೀತಿರ್ಲಿಲ್ಲ. ಈಗ ಹೊಡೆದ್ರೆ ಸದ್ದು ಅಡಗುತ್ತೆ, ಅಷ್ಟೇ. ಸವೆದದ್ದು ಮತ್ತೆ ಬೆಳೆಯುತ್ತಾ?"

ಪೈಪು ಭಾವ ಕೈ ತೊಳೆಯುತ್ತಾ ಕೇಳಿದ: "ಈ ಬುಶ್ಶು ಅಂದ್ರೆ ಏನು ಕಣೇ? ನಂಗೂ ಒಂದಿಷ್ಟು ತಿಳಿಸು. ಕೆಳಗೆ ನಿಲ್ಲೋನು ನಾನು."

"ಬಕೆಟ್ಟನ್ನ ಯಂತ್ರದ ಕೈಗೆ ಸೇರಿಸೋ ಉಕ್ಕಿನ ಸರಳು ಇದೆಯಲ್ಲಾ, ಅದು ಪಿನ್ನು. ಅದು ತಿರುಗೋ ತೂತಿನೊಳಗೆ ಬಳೆ ಥರ ಕೂತಿರೋದು ಬುಶ್ಶು. ಸವೆಯೋದಕ್ಕೇ ಅಂತ ಇಟ್ಟಿರೋದು ಅದನ್ನ. ಬದಲಾಯಿಸದೆ ಬಿಟ್ರೆ ಪಿನ್ನು ಯಂತ್ರದ ಕೈಯನ್ನೇ ತಿನ್ನೋಕೆ ಶುರು ಮಾಡುತ್ತೆ. ಗುಂಡಗಿರೋ ತೂತು ಮೊಟ್ಟೆ ಥರ ಆಗುತ್ತೆ. ಆಮೇಲೆ ಪಿನ್ನು ಹಿಡಿದಿರೋ ಬೋಲ್ಟು ತುಂಡಾಗುತ್ತೆ, ಪಿನ್ನು ಹೊರಗೆ ಜಾರುತ್ತೆ ರೀ."

ಅಣ್ಣನಿಗೆ ಸಿಟ್ಟು ಬಂತು. "ನಾನೇನು ನಿನ್ನೆ ಮೊನ್ನೆ ಕಲಿತವನಾ? ಬಕೆಟ್ ಎಷ್ಟು ಆಡುತ್ತೆ ಅಂತ ನನ್ನ ಕೈಗೆ ಗೊತ್ತು. ಅದನ್ನ ಲೆಕ್ಕಕ್ಕೆ ಇಟ್ಕೊಂಡೇ ಅಗೀತೀನಿ."

ಆ ಮಾತು ಸುಳ್ಳೇನೂ ಅಲ್ಲ. ಅವನ ಕೈ ಅಷ್ಟು ಪಳಗಿತ್ತು.

"ನಿನ್ನ ಕೈ ಚೆನ್ನಾಗಿರೋದಕ್ಕೇ ಇಷ್ಟು ದಿನ ಇದು ಯಾರ ಕಣ್ಣಿಗೂ ಬಿದ್ದಿಲ್ಲ" ಎಂದಳು ತಂಗಿ. "ನಾಳೆ ಶೆಡ್ಡಿಗೆ ತಾ."

"ಓಣಿಯವರು ನೀರು ನೀರು ಅಂತ ಪ್ರಾಣ ತಿಂತಿದ್ದಾರೆ. ಇದೊಂದು ಮುಗೀಲಿ, ತರ್ತೀನಿ."

"ಬಿಡೇ, ನಿಮ್ಮಣ್ಣ ಮಾತು ಕೊಟ್ಟ ಮೇಲೆ ಆಯ್ತು" ಎಂದು ಪೈಪು ಭಾವ ಹೆಂಡತಿಯ ಕೈಯಿಂದ ಸಲಾಕೆ ಇಸಿದುಕೊಂಡ.

ಆ ಓಣಿ ಮುಗಿಯಿತು. ಪಕ್ಕದ ಓಣಿಯವರು ಬಂದು ಕರೆದರು. ಅಣ್ಣ ಇಲ್ಲವೆನ್ನಲಿಲ್ಲ. ಅಲ್ಲಿ ಅಗೆಯುತ್ತಿರುವಾಗ ಒಂದು ಬೆಳಗ್ಗೆ ತಂಗಿ ಹೇಳಿದ ಆ ಬೋಲ್ಟು ತುಂಡಾಗಿ ಬಿತ್ತು. ಅಣ್ಣ ಬೋಲ್ಟಿನ ತೂತಿಗೆ ದಪ್ಪ ತಂತಿ ತೂರಿಸಿ, ಇಕ್ಕಳದಲ್ಲಿ ತಿರುಚಿ ಬಿಗಿದ.

"ಇದೇನು ಭಾವ, ತಂತಿ?"

"ಇವತ್ತೊಂದು ದಿನ ತಡೆಯುತ್ತೆ. ಇಳಿ ನೀನು."

ಪೈಪು ಭಾವ ಒಂದು ಗಳಿಗೆ ನಿಂತು ನೋಡಿದ. ಆಮೇಲೆ ಇಳಿದ. ಇದು ನಿಜಕ್ಕೂ ತಡೆಯುತ್ತದೆಯೇ ಎಂದು ಹೆಂಡತಿಯ ಅಣ್ಣನನ್ನು ಹೇಗೆ ಕೇಳುವುದು?

ಬಕೆಟ್ ತುಂಬ ಮಣ್ಣಿತ್ತು. ಅಣ್ಣ ಅದನ್ನು ಗುಂಡಿಯಿಂದ ಎತ್ತಿ ಪಕ್ಕಕ್ಕೆ ತಿರುಗಿಸುತ್ತಿದ್ದ. ತಂತಿ ಹರಿಯಿತು. ಪಿನ್ನು ಒಂದು ಕಡೆಯಿಂದ ಜಾರಿತು. ಬಕೆಟ್ ವಾಲಿ, ಮಣ್ಣಿನ ಸಮೇತ ಗುಂಡಿಗೆ ಬಿತ್ತು. ಮೇಲಿನಿಂದ ಅಣ್ಣನಿಗೆ ಕಂಡದ್ದು ಪೈಪಿನ ತುದಿ ಮಾತ್ರ. ಅವನು ಕೂಗಿದ. ಕೆಳಗಿನಿಂದ ಮರುಮಾತು ಬರಲಿಲ್ಲ. ಓಣಿಯವರೆಲ್ಲ ಓಡಿ ಬಂದು ಬರಿಗೈಯಲ್ಲಿ ಮಣ್ಣು ಬಗೆದರು.

ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ತಂಗಿ ಬೆಂಚಿನ ಮೇಲೆ ಕೂತಿದ್ದಳು. ಅಣ್ಣ ಅವಳ ಎದುರು ನೆಲದ ಮೇಲೆ ಕುಸಿದ.

"ಒಂದು ಮಾತು ಬೈದುಬಿಡೇ."

"ಬೈದ್ರೆ ಕಾಲು ಬರುತ್ತಾ ಅಣ್ಣಾ?"

ನೀನು ಹೇಳಿದ್ದೆ, ನಾನು ಕೇಳಲಿಲ್ಲ ಎಂದು ಅವನೇ ಮತ್ತೆ ಮತ್ತೆ ಗೋಳಾಡಿದ.

ಪೊಲೀಸರ ವಿಚಾರಣೆ ಮುಗಿದು ಯಂತ್ರ ಮನೆಯ ಮುಂದೆ ಬಂದು ನಿಂತಿತು. ಅಣ್ಣ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಮಾರಿಬಿಡ್ತೀನಿ" ಎಂದ.

"ಹೀಗೇ ಮಾರ್ತೀಯಾ?" ತಂಗಿ ಕೇಳಿದಳು. "ಹಂಗಾದ್ರೆ ನಾಳೆ ಇನ್ಯಾರದೋ ಗಂಡ ಇದರ ಕೆಳಗೆ ನಿಲ್ತಾನೆ. ಶೆಡ್ಡಿಗೆ ತಾ."

ಶೆಡ್ಡಿನಲ್ಲಿ ಯಂತ್ರದ ಕೈಯನ್ನು ತಗ್ಗಿಸಿ ದಿಮ್ಮಿಯ ಮೇಲೆ ಕೂರಿಸಿದರು. ಎಂಜಿನ್ ನಿಲ್ಲಿಸಿ, ಲಿವರು ಆಡಿಸಿ, ಒಳಗಿನ ಎಣ್ಣೆಯ ಒತ್ತಡ ಇಳಿಸಿದರು. ತಂಗಿ ತಾನೂ ಕಣ್ಣಿಗೆ ದಪ್ಪ ಕನ್ನಡಕ ಹಾಕಿ ಅಣ್ಣನಿಗೂ ಒಂದು ಕೊಟ್ಟಳು. ಸುತ್ತಿಗೆ ಬಿದ್ದಾಗ ಉಕ್ಕಿನ ಚೂರು ಸಿಡಿಯುತ್ತದೆ. ಅಂದು ಜಾರಿದ ಪಿನ್ನು ಮೇಜಿನ ಮೇಲಿತ್ತು. ಅದರ ನಡು ಕಡಿದು ಬಿಟ್ಟ ಕಬ್ಬಿನ ಹಾಗೆ ಸವೆದಿತ್ತು. ಅಣ್ಣ ಅದನ್ನು ಮುಟ್ಟಲಿಲ್ಲ.

ತೂತು ಮೊಟ್ಟೆಯಂತಾಗಿತ್ತು. ಅದಕ್ಕೆ ವೆಲ್ಡಿಂಗ್ ತುಂಬಿ, ಮತ್ತೆ ಗುಂಡಗೆ ಕೊರೆಸಿ, ಹೊಸ ಬುಶ್ಶು ಕೂರಿಸುವಷ್ಟರಲ್ಲಿ ದಿನಗಳೇ ಹಿಡಿದವು. ಪಿನ್ನು ತೂರಿಸುವ ಮೊದಲು ತೂತುಗಳು ಸರಿಯಾಗಿ ಎದುರಾದವೇ ಎಂದು ನೋಡಲು ಅಣ್ಣ ಬೆರಳು ಹಾಕಲು ಹೋದ.

"ಬೆರಳು ತೆಗಿ!" ತಂಗಿ ಕಿರುಚಿದಳು. "ಒಂದಿಷ್ಟು ಜರುಗಿದ್ರೆ ಕತ್ತರಿಸಿ ಹೋಗುತ್ತೆ. ಸಲಾಕೆಯಲ್ಲಿ ನೋಡು."

ಅಣ್ಣ ಕೈ ಹಿಂದೆ ತೆಗೆದುಕೊಂಡ. "ಪಕ್ಕದ ಕೀಲಿಗೆ ಪಿನ್ನು ಒಂದೇ ಬದಲಾಯಿಸಿದ್ರೆ ಸಾಲದಾ?"

"ಸಾಲದು. ಹಳೇ ಬುಶ್ಶು ಹೊಸ ಪಿನ್ನನ್ನೂ ತಿನ್ನುತ್ತೆ. ಎರಡೂ ಒಟ್ಟಿಗೇ ಹೊಸದು ಹಾಕ್ಬೇಕು."

"ನೀನು ಮೊದಲು ಹೇಳಿದಾಗಲೇ ತಂದಿದ್ರೆ ಎಷ್ಟು ಹೊತ್ತಿನ ಕೆಲಸ ಇತ್ತೇ?"

ತಂಗಿ ಗ್ರೀಸು ಗನ್ನು ಒತ್ತುವುದನ್ನು ನಿಲ್ಲಿಸಿದಳು. "ಬೆಳಗ್ಗೆ ತಂದಿದ್ರೆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗ್ತಿದ್ದೆ."

ಅಣ್ಣ ಗೋಡೆಗೆ ಮುಖ ಮಾಡಿ ನಿಂತು ಅತ್ತ.

ಅಣ್ಣ ಯಂತ್ರ ಮಾರಲಿಲ್ಲ, ಅದು ಮತ್ತೆ ಕೆಲಸಕ್ಕೆ ಹೋಯಿತು. ಈಗ ಅವನು ದಿನಾ ಬೆಳಗ್ಗೆ ಗ್ರೀಸು ಹೊಡೆಯುತ್ತಾನೆ, ಕೀಲು ಮೀಟಿ ನೋಡುತ್ತಾನೆ. ಆದರೆ ಗುಂಡಿಯೊಳಗಿಂದ ಅವನನ್ನು ಗೇಲಿ ಮಾಡುವವರು ಯಾರೂ ಇಲ್ಲ.

ಒಂದು ಭಾನುವಾರ ಅವನು ತಂಗಿಯ ಮನೆಗೆ ಹೋದ. ಪೈಪು ಭಾವ ಮಂಚದ ಮೇಲಿದ್ದ.

"ಭಾವ, ಎಲ್ಲಾ ಪಿನ್ನು, ಬುಶ್ಶು ಹೊಸದು ಹಾಕಿಸಿದೆ."

ಪೈಪು ಭಾವ ಕೇಳಿದ: "ಈಗ ಕೆಳಗೆ ಯಾರು ನಿಲ್ತಾರೆ?"

"ಬಕೆಟ್ ನೆಲಕ್ಕೆ ಇಟ್ಟು ಎಂಜಿನ್ ನಿಲ್ಲಿಸೋ ತನಕ ಯಾರನ್ನೂ ಇಳಿಸಲ್ಲ."

"ಹೂಂ" ಎಂದು ಪೈಪು ಭಾವ ಆ ಕಡೆ ಹೊರಳಿದ. ಅಣ್ಣ ಇನ್ನೂ ಸ್ವಲ್ಪ ಹೊತ್ತು ಕಾದು, ಎದ್ದು ಬಂದ.

ಯಂತ್ರ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬಕೆಟ್ ಸಡಿಲಾಗಿದ್ದರೆ ಇವತ್ತೇ ಕೆಲಸ ನಿಲ್ಲಿಸಿ. ತಂತಿ ಕಟ್ಟಬೇಡಿ, ಓಣಿ ಮುಗಿಯಲಿ ಎನ್ನಬೇಡಿ. ತಿಳಿದವರ ಕೈಯಲ್ಲಿ ಪಿನ್ನು, ಬುಶ್ಶು ಎರಡನ್ನೂ ಬದಲಾಯಿಸಿ. ಗುಂಡಿಗೆ ಇಳಿಯುವವರೇ, ಎತ್ತಿದ ಬಕೆಟ್ಟಿನ ಕೆಳಗೆ ಯಾವತ್ತೂ ನಿಲ್ಲಬೇಡಿ. ಮೇಲೆ ಕೂತವನು ನಿಮ್ಮ ಭಾವನೇ ಇರಲಿ, ಸಂಕೋಚ ಬಿಡಿ. ಆ ಪಿನ್ನನ್ನು ತೋರಿಸು, ಆಮೇಲೆ ಇಳಿಯುತ್ತೇನೆ ಎಂದು ಹೇಳಿ.