ಗಾಲಿಮನೆಯ ಬ್ಯಾಟರಿ

ನಮ್ಮ ಮನೆತನಕ್ಕೊಂದು ರೋಗವಿದೆ. ಯಾರಿಗಾದರೂ ಒಳ್ಳೆಯದು ಮಾಡಿದರೆ ಬಾಯಿ ಬಿಡುವಂತಿಲ್ಲ. ಹೇಳಿಕೊಂಡರೆ ಮಾಡಿದ್ದೆಲ್ಲ ನೀರುಪಾಲು ಎನ್ನುತ್ತಿದ್ದ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅಣ್ಣ ಮತ್ತು ನಾನು ಮಾತ್ರ ಇನ್ನೂ ತುಟಿ ಹೊಲಿದುಕೊಂಡೇ ಇದ್ದೇವೆ.

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಟ್ರೈಲರೊಂದು ನಮ್ಮಿಬ್ಬರದು. ಎರಡು ಮಂಚ, ಒಂದು ಒಲೆ, ಮೂರು ದೀಪ. ಅದನ್ನು ಗಾಲಿಮನೆ ಎನ್ನುತ್ತೇವೆ. ಒಂದು ತಿಂಗಳು ಅವನ ಸರದಿ, ಮರುತಿಂಗಳು ನನ್ನದು. ಸುತ್ತಾಡಿ ತಂದು ನಿಲ್ಲಿಸಿದಾಗಲೆಲ್ಲ ಬ್ಯಾಟರಿಯ ವೈರು ಬಿಚ್ಚಿಡಬೇಕು. ಇಲ್ಲವಾದರೆ ಒಳಗಿನ ಗ್ಯಾಸ್ ಅಲಾರಂ ಅದನ್ನು ಸದ್ದಿಲ್ಲದೆ ಬರಿದು ಮಾಡುತ್ತದೆ. ಹೊರಡುವಾಗ ಮತ್ತೆ ಬಗ್ಗಿ, ಸ್ಪ್ಯಾನರ್ ಹಿಡಿದು ನಟ್ಟು ಬಿಗಿಯಬೇಕು.

ಅಣ್ಣ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹೋದ ವರ್ಷ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ. ಸರಿಹೋಯಿತು ಎನ್ನುತ್ತಾನೆ. ಏನು ಸರಿಹೋಯಿತೋ! ಲೋಟ ಹಿಡಿಯುವುದು ಎಡಗೈಯಲ್ಲಿ. ಕೇಳಿದರೆ ಮೂಗಿನ ತುದಿಯಲ್ಲೇ ಕೋಪ.

ನಾನು ಕನ್ನಡಕದ ಅಂಗಡಿಯಲ್ಲಿ ಸ್ಕ್ರೂ ಹಾಕುವವಳು. ನನ್ನ ಸರದಿ ಮುಗಿದ ದಿನ ಕೆಂಪು ವೈರಿನ ನಡುವೆ ಒಂದು ತಿರುಗಿಸುವ ಸ್ವಿಚ್ ಕೂರಿಸಿದೆ. ಇನ್ನು ನಟ್ಟಿನ ಗೋಜೇ ಇಲ್ಲ, ಒಮ್ಮೆ ತಿರುಗಿಸಿದರೆ ಆಯಿತು. ಅದನ್ನು ಇಟ್ಟಿದ್ದು ಮಂಚದ ಕೆಳಗೆ, ಅಣ್ಣ ಶೂ ಬಿಡುವ ಜಾಗದಲ್ಲಿ. ಕಣ್ಣಿಗೆ ಬಿದ್ದೇ ಬೀಳುತ್ತದೆ, ನಾನು ಹೇಳುವುದೂ ಬೇಡ. ಆಫ್ ಮಾಡಿ ಹಾಯಾಗಿ ಮನೆಗೆ ಬಂದೆ.

ಅಣ್ಣ ತನ್ನ ಸರದಿ ಮುಗಿಸಿ ಗಾಲಿಮನೆ ತಂದು ನಿಲ್ಲಿಸಿದ. ಸ್ವಿಚ್ಚಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಹೋಗಿ ಮಂಚದಡಿ ಸ್ವಿಚ್ ತಿರುಗಿಸಿದೆ. ದೀಪ ಬರಲಿಲ್ಲ. ಫ್ಯೂಸ್ ಬದಲಾಯಿಸಿದೆ, ಇಲ್ಲ. ಸ್ವಿಚ್ಚನ್ನೇ ಕಿತ್ತು ಹೊಸದು ಹಾಕಿದೆ, ಇಲ್ಲ. ಬ್ಯಾಟರಿಯನ್ನು ಹೊತ್ತುಕೊಂಡು ಅಂಗಡಿಗೆ ಹೋದರೆ, ಅಂಗಡಿಯವನು ಮೀಟರ್ ಇಟ್ಟು ನೋಡಿ ನಕ್ಕ. "ಅಕ್ಕಾ, ಇದು ನಿಮಗಿಂತ ಗಟ್ಟಿಯಾಗಿದೆ."

ತಲೆಬುಡ ತಿಳಿಯಲಿಲ್ಲ. ನನ್ನ ಕೆಲಸವೇ ಎಡವಟ್ಟಾಗಿದೆಯೋ ಏನೋ. ಹಾಗೆಂದು ಅಣ್ಣನನ್ನು ಕೇಳಿದರೆ ಸ್ವಿಚ್ಚಿನ ವಿಷಯ ಹೊರಬೀಳುತ್ತದೆ. ಫೋನ್ ಮಾಡಿ ಸುತ್ತಿ ಬಳಸಿ ಕೇಳಿದೆ. "ಬ್ಯಾಟರಿಗೆ ಏನಾದ್ರೂ ಮಾಡಿದ್ಯಾ?"

"ನಾನೇನ್ ಮಾಡ್ಲಿ? ನೀನೇನ್ ಮಾಡಿಟ್ಟಿದ್ದೆ? ನಿಮ್ಮತ್ತಿಗೆ, ನಾನು ಎರಡು ದಿನ ಟಾರ್ಚ್ ಹಿಡ್ಕೊಂಡು ಊಟ ಮಾಡಿದ್ವಿ."

"ನಾನೇನೂ ಮಾಡಿಲ್ಲ!"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು, "ಮಾರಿಬಿಡೋಣ. ಹಂಚ್ಕೊಂಡಿದ್ದೇ ತಪ್ಪು," ಎಂದು ಫೋನ್ ಇಟ್ಟ. ವರ್ಷವಿಡೀ ನಾವಿಬ್ಬರೂ ಫೋನ್ ಮಾಡುವುದೇ ಗಾಲಿಮನೆಯ ನೆಪದಲ್ಲಿ. ಅದು ಹೋದರೆ ಅಣ್ಣನೂ ಹೋದ ಹಾಗೆ. ನನಗೆ ನಿಜಕ್ಕೂ ಭಯವಾಯಿತು.

ಭಾನುವಾರ ಬೆಳಿಗ್ಗೆ, ಮಾರಾಟಕ್ಕೆ ಫೋಟೋ ತೆಗೆಯಲೆಂದು ಸೇರಿದೆವು. ಅವನು ಹೊರಗೆ ಮುಂಭಾಗದಲ್ಲಿ ಏನನ್ನೋ ತಡಕುತ್ತಿದ್ದ. ಒಳಗೆ ನಾನು, ಕೊನೆಯ ಸಲ ನೋಡೋಣವೆಂದು ಸ್ವಿಚ್ ತಿರುಗಿಸಿದೆ. ಮೂರೂ ದೀಪ ಹೊತ್ತಿಕೊಂಡವು.

"ಏನ್ ಮಾಡ್ದೆ?" ಹೊರಗಿನಿಂದ ಅಣ್ಣ ಕೂಗಿದ.

"ಏನಿಲ್ಲ. ನೀನೇನ್ ಮಾಡ್ದೆ?"

"ಏನಿಲ್ಲ."

ದೀಪ ಆರಿತು. ನಾನು ಮುಟ್ಟಿರಲೇ ಇಲ್ಲ. ಮತ್ತೆ ಹೊತ್ತಿತು. ನಾನು ಆಫ್ ಮಾಡಿದೆ, ಆರಿತು. ಹೊರಗೆ ಅಣ್ಣ "ಅಯ್ಯೋ ಶನಿಯೇ!" ಎಂದ. ಇದೇನು ಭೂತಚೇಷ್ಟೆಯೋ ಎಂದು ಹೊರಗೆ ಬಂದರೆ, ಅವನು ಮಂಡಿಯೂರಿ ಗ್ಯಾಸ್ ಸಿಲಿಂಡರಿನ ಹಿಂದೆ ಎಡಗೈ ತೂರಿಸಿದ್ದ. ಬೆರಳ ನಡುವೆ ಇನ್ನೊಂದು ಸ್ವಿಚ್, ಕಪ್ಪು ವೈರಿಗೆ ಹಾಕಿದ್ದು.

"ಇದೇನಣ್ಣ?"

ಅವನ ಮುಖ ಕಳ್ಳನ ಮುಖವಾಯಿತು. "ನಿಂಗೇ. ನಟ್ಟು ಬಿಗಿಯೋವಾಗ ಕಿಡಿ ಹಾರುತ್ತೆ ಅಂತ ಕಣ್ಮುಚ್ಕೊಳ್ತೀಯಲ್ಲ. ಸಿಲಿಂಡರ್ ತೆರೆಯೋವಾಗ ಕಾಣಿಸುತ್ತೆ ಅಂದ್ಕೊಂಡೆ."

ನಾನು ಆ ಸಿಲಿಂಡರ್ ಮುಟ್ಟಿಯೇ ಇಲ್ಲ. ಪ್ರವಾಸದಲ್ಲಿ ಒಲೆ ಹಚ್ಚುವ ಕರ್ಮ ಯಾರಿಗೆ ಬೇಕು, ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ದೂಡುವವಳು ನಾನು.

"ನಾನೂ ಒಂದು ಹಾಕಿದೀನಿ," ಎಂದೆ. "ಒಳಗೆ, ನೀನು ಶೂ ಬಿಡೋ ಜಾಗದಲ್ಲಿ. ಎರಡೂ ಆನ್ ಆಗಿದ್ರೆ ಮಾತ್ರ ದೀಪ. ಅಷ್ಟೇ ಕಣೋ!"

"ನಾನೀಗ ಶೂ ಹಾಕಲ್ಲ."

ಅವನ ಕಾಲು ನೋಡಿದೆ. ಚಪ್ಪಲಿ. ಲೇಸು ಕಟ್ಟಲು ಎರಡು ಕೈಯೂ ಬೇಕಲ್ಲ. ಇಷ್ಟು ದಿನ ನಾನು ನೋಡಿದ್ದಾದರೂ ಏನನ್ನು?

"ಒಂದು ತೆಗೀಬೇಕು," ಎಂದ.

"ನಂದು ತೆಗೀತೀನಿ."

"ಬೇಡ. ನಿಂದು ಚೆನ್ನಾಗಿರುತ್ತೆ. ನಂದೇ ಹೋಗ್ಲಿ." ಅವನು ಬಲಗೈಯನ್ನು ಮೊದಲ ಸಲ ನನ್ನ ಮುಂದೆ ಚಾಚಿದ. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. "ಹಾಕೋಕೇ ಮೂರು ದಿನ ಹಿಡೀತು. ಬಿಚ್ಚೋದು ನನ್ ಕೈಲಿ ಆಗಲ್ಲ. ನೀನೇ ಬಿಚ್ಚು."

ಆಗಲ್ಲ ಎಂಬ ಮಾತನ್ನು ಅಣ್ಣನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಳುತ್ತಲೇ ಒಳಗೆ ಹೋಗಿ ನನ್ನದನ್ನು ಬಿಚ್ಚಿದೆ.