ನಲವತ್ತೆಂಟನೆಯ ಪುಟ

ನನ್ನ ಗಂಡ ಸೆರ್ವೆ ಸತ್ತು ಏಳು ತಿಂಗಳಾಗಿತ್ತು. ಅವನ ಮೂರನೆಯ ಕಾದಂಬರಿ ನನ್ನ ಚೀಲದಲ್ಲಿತ್ತು. ವಿಮರ್ಶಕ ದೆಫಾವ್ ಮುನ್ನುಡಿ ಕೊಟ್ಟರೆ ಅಚ್ಚು ಹಾಕುತ್ತೇವೆ, ಇಲ್ಲವಾದರೆ ಇಲ್ಲ ಎಂದು ಬ್ರಸೆಲ್ಸಿನ ಪ್ರಕಾಶಕರು ಬರೆದಿದ್ದರು.

ನಮ್ಮ ಊರು ಲಿಯೆಜ್‌ನಲ್ಲಿ ಫ್ರೆಂಚ್ ಬರೆಯುವವರು ಯಾರೂ ದೆಫಾವ್ ಅವರ ಮನೆಯ ಮೆಟ್ಟಿಲು ಹತ್ತದೆ ಲೇಖಕರಾಗುವುದಿಲ್ಲ. ಸೆರ್ವೆಯ ಮೊದಲ ಕಾದಂಬರಿಗೆ ಅವರು ಹೇಳಿದ್ದು ಒಂದೇ ಮಾತು: ಉತ್ತರಾರ್ಧ ಸೊರಗಿದೆ. ಅಂದಿನಿಂದ ಅವನು ಸಣ್ಣಕತೆ ಬರೆಯುವುದನ್ನೇ ಬಿಟ್ಟ. ಮುಂದಿನ ಎರಡು ಕಾದಂಬರಿಗಳ ಉತ್ತರಾರ್ಧವನ್ನು ಆರಾರು ಸಲ ಬರೆದ. ಕೆಮ್ಮಿನಲ್ಲಿ ರಕ್ತ ಕಂಡ ಮೇಲೂ ಬರೆದ.

"ಬಾ ಮಗು, ಕೂತ್ಕೊ. ಕಪ್ಪು ಬಟ್ಟೇಲಿ ಇನ್ನೂ ಇಳಿದುಹೋಗಿದ್ದೀಯ," ಎಂದರು ದೆಫಾವ್. "ಈ ಅಕ್ಕಿ ಟಾರ್ಟ್ ತಿನ್ನು, ಸಿಹಿಯಾಗಿದೆ. ನಮ್ಮ ಅಡುಗೆಯವಳು ಈ ಊರಿನ ಕಾದಂಬರಿಕಾರರಿಗಿಂತ ಚೆನ್ನಾಗಿ ಮುಗಿಸ್ತಾಳೆ."

"ಮುನ್ನುಡಿ, ಮೆಸ್ಯೂ..."

"ಬರೆದಾಯ್ತು ಅಂತಿಟ್ಕೊ. ಎಷ್ಟುದ್ದ ಬೇಕಂತೆ?"

"ಹಸ್ತಪ್ರತಿ ತಂದಿದ್ದೀನಿ. ನೀವು ಓದಿ..."

"ಸೆರ್ವೇನ ನಾನು ಹೊಸದಾಗಿ ಓದ್ಬೇಕಾ? ಶುರು ಚೆನ್ನಾಗಿ ಮಾಡ್ತಿದ್ದ ಹುಡುಗ. ಆಮೇಲೆ ದಮ್ಮು ಸಾಲ್ತಿರಲಿಲ್ಲ, ಪಾಪ."

ಅವರು ಮೇಜಿಗೆ ಹೋಗಿ ಬರೆಯತೊಡಗಿದರು. ನಾನು ಕಪಾಟಿನಿಂದ ಆ ಮೊದಲ ಕಾದಂಬರಿಯನ್ನು ತೆಗೆದೆ. ನಮ್ಮಲ್ಲಿ ಪುಸ್ತಕಗಳು ಹಾಳೆಗಳ ಮಡಿಕೆ ಸೀಳದೆಯೇ ಅಚ್ಚಿನಮನೆಯಿಂದ ಬರುತ್ತವೆ. ಓದುವವರು ಓದುತ್ತ ಓದುತ್ತ ಚಾಕುವಿನಿಂದ ಹಾಳೆ ಬಿಡಿಸಿಕೊಳ್ಳಬೇಕು. ನಲವತ್ತೆಂಟನೆಯ ಪುಟದಾಚೆ ಒಂದು ಹಾಳೆಯನ್ನೂ ಬಿಡಿಸಿರಲಿಲ್ಲ.

ಪುಸ್ತಕವನ್ನು ಇದ್ದಲ್ಲೇ ಇಟ್ಟೆ.

"ತಗೋ. ಬ್ರಸೆಲ್ಸಿನೋರೂ ಅಳ್ಬೇಕು, ಹಾಗೆ ಬರ್ದಿದ್ದೀನಿ," ಎಂದು ಎರಡು ಹಾಳೆ ಕೊಟ್ಟರು.

ಸೇತುವೆಯ ಮೇಲೆ ಅವನ್ನು ಮ್ಯೂಸ್ ನದಿಗೆ ಎಸೆಯಲು ಕೈಯೆತ್ತಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಒಲೆಗೆ ಹಾಕೋಣವೆಂದು ಮನೆಗೆ ತಂದೆ. ಅದಕ್ಕೆ ಮೊದಲು, ಅಷ್ಟೊಂದು ಸೊರಗಿದ್ದು ಏನೆಂದು ನೋಡಲು ಆ ಮೊದಲ ಕಾದಂಬರಿಯ ನನ್ನ ಪ್ರತಿಯನ್ನು ತೆಗೆದೆ.

"ನನ್ನ ಮೊದಲ ಓದುಗಾರ್ತಿಗೆ" ಎಂದು ಸೆರ್ವೆ ಬರೆದುಕೊಟ್ಟಿದ್ದ. ಆ ವಾರ ನನಗೆ ವಿಶ್ವವಿದ್ಯಾಲಯದ ಪರೀಕ್ಷೆಯಿತ್ತು. ಓದಿದೆಯಾ ಎಂದು ಅವನು ಕೇಳಿದಾಗ, "ಮುಗಿಸ್ದೆ ಕಣೋ. ದೆಫಾವ್ ಹೇಳಿದ್ದೇ ಸರಿ ಅನ್ಸುತ್ತೆ," ಎಂದಿದ್ದೆ.

ಅರವತ್ತನಾಲ್ಕನೆಯ ಪುಟದವರೆಗೆ ಮಾತ್ರ ಹಾಳೆ ಬಿಡಿಸಿದ್ದೆ. ದೆಫಾವ್‌ಗಿಂತ ಹದಿನಾರು ಪುಟ ಹೆಚ್ಚು.

ಚಾಕು ಮೇಜಿನ ಮೇಲೆಯೇ ಇತ್ತು. ಮುಟ್ಟಲಿಲ್ಲ. ಮುನ್ನುಡಿಯನ್ನು ಲಕೋಟೆಗೆ ಹಾಕಿ, ಪ್ರಕಾಶಕರ ವಿಳಾಸ ಬರೆದು, ಸಂಜೆಯ ಟಪಾಲಿಗೆ ಕೊಟ್ಟು ಬಂದೆ.